ದಲ್ಲಾಳಿ ನಮ್ಮವರಾದರೆ ಸಾಕೇ?
ಮನೆ, ನಿವೇಶನ ಕೊಳ್ಳುವ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಮನೆಯನ್ನು ನೆಮ್ಮದಿಯ ತಾಣವನ್ನಾಗಿ ಮಾಡಿಕೊಟ್ಟಿರುವುದು ಅಲ್ಲಾಹನ ಅನುಗ್ರಹವೆಂದು ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯ (16:80) ನಮಗೆ ನೆನಪಿಸುತ್ತದೆ. ಅಂಬ್ಲಿಗೊಳ, ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಸುತ್ತಮುತ್ತಲಿನ ನಮ್ಮ ಹೆಚ್ಚಿನ ಕುಟುಂಬಗಳಿಗೆ ಮನೆ ಅಥವಾ ನಿವೇಶನ ಕೊಳ್ಳುವುದು ಜೀವಮಾನದಲ್ಲಿ ಒಮ್ಮೆ ಮಾಡುವ ವ್ಯವಹಾರ. ಅಡಿಕೆ, ಶುಂಠಿ, ಮೆಕ್ಕೆಜೋಳದ ಹಣ, ಅಂಗಡಿ ಗ್ಯಾರೇಜಿನ ಉಳಿತಾಯ, ಗಲ್ಫ್‌ನಲ್ಲಿ ದುಡಿಯುವ ಮಗ ಕಳಿಸಿದ್ದು, ಕೆಲವೊಮ್ಮೆ ತಾಯಂದಿರ ಬಂಗಾರ ಎಲ್ಲವೂ ಒಂದೇ ಕ್ರಯಪತ್ರದಲ್ಲಿ ಸೇರಿಹೋಗುತ್ತವೆ.

ಆ ಕ್ರಯಪತ್ರದ ತನಕ ನಮ್ಮನ್ನು ಕರೆದೊಯ್ಯುವವರು ಹೆಚ್ಚಾಗಿ ದಲ್ಲಾಳಿಗಳು. ಜಾಗ ತೋರಿಸುವವರು ಅವರೇ, ಬೆಲೆ ಮಾತಾಡುವವರು ಅವರೇ, ಕಾಗದಪತ್ರ ಓಡಾಡಿಸುವವರೂ ಅವರೇ. ಇಷ್ಟೆಲ್ಲ ಅವರ ಕೈಗೆ ಒಪ್ಪಿಸುವ ಮೊದಲು ನಾವು ಕೇಳುವುದು ಒಂದೇ ಪ್ರಶ್ನೆ: "ಅವರು ನಮ್ಮವರೇ ಅಲ್ಲವೇ?" ನಮ್ಮ ಜಮಾಅತಿನವರು, ನಮ್ಮ ಬೀಗರ ಕಡೆಯವರು, ಐದು ಹೊತ್ತೂ ಮಸೀದಿಯಲ್ಲಿ ಕಾಣುವವರು ಎಂದ ಮೇಲೆ ಇನ್ನೇನು ಕೇಳುವುದೆಂದು ಸುಮ್ಮನಾಗುತ್ತೇವೆ. ಈ ಒಂದು ಪ್ರಶ್ನೆ ಸಾಲದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎರಡು ಗುಣಗಳು

ಒಬ್ಬರನ್ನು ಕೆಲಸಕ್ಕೆ ನೇಮಿಸುವಾಗ ಏನನ್ನು ನೋಡಬೇಕು? ಅಲ್‌ಕಸಸ್ ಅಧ್ಯಾಯದಲ್ಲಿ (28:26) ಇದಕ್ಕೆ ಉತ್ತರವಿದೆ. ಮದ್‌ಯನ್‌ನ ಹಿರಿಯರ ಮಗಳು ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಹೇಳುತ್ತಾಳೆ. ಕೆಲಸಕ್ಕೆ ಯೋಗ್ಯರಾದವರು ಸಮರ್ಥರೂ ಆಗಿರಬೇಕು, ವಿಶ್ವಾಸಾರ್ಹರೂ ಆಗಿರಬೇಕು ಎಂಬುದು ಅವಳ ಮಾತಿನ ಸಾರ. ಸಾಮರ್ಥ್ಯ ಮತ್ತು ಅಮಾನತ್ ಎರಡೂ ಜೊತೆಗಿರಬೇಕು. ಪ್ರಾಮಾಣಿಕರಾಗಿದ್ದು ಪಹಣಿ ಓದಲು ಬಾರದ ದಲ್ಲಾಳಿ ತಾನೂ ಮೋಸಹೋಗಿ ನಮ್ಮನ್ನೂ ಮುಳುಗಿಸಬಹುದು. ಎಲ್ಲ ಕಾನೂನು ಬಲ್ಲ, ಆದರೆ ಅಮಾನತ್ ಇಲ್ಲದ ದಲ್ಲಾಳಿ ತಿಳಿದೇ ಮುಳುಗಿಸಬಹುದು.

ಹಾಗಾದರೆ ವಿಶ್ವಾಸಾರ್ಹತೆಯನ್ನು ಅಳೆಯುವುದು ಹೇಗೆ? ಉಮರ್(ರ)ರ ಕುರಿತು ಪ್ರಸಿದ್ಧವಾದ ಒಂದು ವರದಿಯಿದೆ. ಒಬ್ಬರ ಒಳ್ಳೆಯತನಕ್ಕೆ ಸಾಕ್ಷಿ ಹೇಳಲು ಬಂದವನಿಗೆ ಅವರು ಮೂರು ಪ್ರಶ್ನೆ ಕೇಳಿದರು: ನೀನು ಅವರ ನೆರೆಯವನೇ? ಅವರ ಜೊತೆ ಪ್ರಯಾಣ ಮಾಡಿದ್ದೀಯಾ? ಹಣದ ವ್ಯವಹಾರ ಮಾಡಿದ್ದೀಯಾ? ಮೂರಕ್ಕೂ ಇಲ್ಲವೆಂದಾಗ, ಬಹುಶಃ ಅವರು ಮಸೀದಿಯಲ್ಲಿ ನಮಾಝ್ ಮಾಡುವುದನ್ನಷ್ಟೇ ನೋಡಿರಬೇಕು, ನಿನಗೆ ಅವರ ಪರಿಚಯವಿಲ್ಲ ಎಂದುಬಿಟ್ಟರು. ನಮಾಝ್ ಮನುಷ್ಯ ಮತ್ತು ಅವನ ಪ್ರಭುವಿನ ನಡುವಿನದು. ಹಣದ ವಿಷಯದಲ್ಲಿ ಒಬ್ಬರು ಹೇಗೆಂದು ತಿಳಿಯಲು ಅವರೊಂದಿಗೆ ವ್ಯವಹಾರ ಮಾಡಿದವರನ್ನೇ ಕೇಳಬೇಕು.

ಈ ಪಾಠವನ್ನು ಮರೆತದ್ದಕ್ಕೆ ನಮ್ಮ ರಾಜ್ಯದ ಮುಸ್ಲಿಮರು ತೆತ್ತ ಬೆಲೆ ದೊಡ್ಡದು. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಹಾಕಿದಾಗ ಸಾವಿರಾರು ಹೂಡಿಕೆದಾರರು ಪೊಲೀಸರ ಮುಂದೆ ದೂರು ಹಿಡಿದು ಸಾಲು ನಿಂತರು. ಅವರಲ್ಲಿ ವಿಧವೆಯರು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟವರು ಇದ್ದರು. ಹಲಾಲ್ ಎಂಬ ಮಾತು ಮತ್ತು ಧಾರ್ಮಿಕ ವೇಷ ಕಂಡು, ಲೆಕ್ಕಪತ್ರ ಕೇಳದೆ ಹಣ ಕೊಟ್ಟವರು ಬಹಳ ಮಂದಿ. ಅದು ಹೂಡಿಕೆಯ ವಿಷಯ, ಇದು ಜಾಗದ ವಿಷಯ. ಆದರೆ ಎರಡರಲ್ಲೂ ನಮ್ಮ ದೌರ್ಬಲ್ಯ ಒಂದೇ: ನಮ್ಮವರೆಂಬ ಕಾರಣಕ್ಕೆ ಪರಿಶೀಲಿಸದಿರುವುದು.

ಪರಿಶೀಲಿಸುವುದು ಅಪನಂಬಿಕೆಯ ಗುರುತಲ್ಲ. ಅವಧಿಯಿಟ್ಟ ಸಾಲವನ್ನು ಬರೆದಿಡಬೇಕು, ಕೊಡುಕೊಳ್ಳುವಾಗ ಸಾಕ್ಷಿಗಳಿರಬೇಕು ಎಂಬ ಆದೇಶವನ್ನು (2:282) ಕುರ್‌ಆನ್ ಕೊಟ್ಟಿರುವುದು ವಿಶ್ವಾಸಿಗಳಿಗೇ. ಕಾಗದ ಕೇಳಿದ್ದಕ್ಕೆ ಮುಖ ಗಂಟಿಕ್ಕುವ ದಲ್ಲಾಳಿಗೆ ಈ ಸೂಕ್ತವನ್ನು ನೆನಪಿಸಿದರೆ ಸಾಕು.

ದಲ್ಲಾಳಿಯ ಕೆಲಸ ಹಲಾಲ್ ಆಗಿದೆ

ದಲ್ಲಾಳಿ ವೃತ್ತಿಯೇ ತಪ್ಪೆಂದು ನಮ್ಮಲ್ಲಿ ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಪ್ರವಾದಿ(ಸ)ರ ಕಾಲದ ಮದೀನಾದ ಮಾರುಕಟ್ಟೆಯಲ್ಲೂ ಮಧ್ಯವರ್ತಿಗಳಿದ್ದರು, ಅವರನ್ನು 'ಸಿಮ್‌ಸಾರ್' ಎನ್ನುತ್ತಿದ್ದರು. ಕೈಸ್ ಬಿನ್ ಅಬೀ ಗರಝಾ(ರ) ವರದಿ ಮಾಡಿದಂತೆ, ಪ್ರವಾದಿ(ಸ)ರು ಅವರನ್ನು ಅದಕ್ಕಿಂತ ಒಳ್ಳೆಯ ಹೆಸರಿನಿಂದ, ವರ್ತಕರೇ ಎಂದು ಕರೆದರು. ವ್ಯಾಪಾರದಲ್ಲಿ ಪೊಳ್ಳು ಮಾತೂ ಆಣೆ ಪ್ರಮಾಣವೂ ನುಸುಳಿಬಿಡುತ್ತವೆ, ಆದ್ದರಿಂದ ಅದರೊಂದಿಗೆ ದಾನವನ್ನು ಬೆರೆಸಿರೆಂದು ಬೋಧಿಸಿದರು (ಅಬೂದಾವೂದ್, ತಿರ್ಮಿದಿ). ವೃತ್ತಿಗೆ ಗೌರವವನ್ನೂ ಕೊಟ್ಟರು, ಅದರ ಅಪಾಯವನ್ನೂ ತೋರಿಸಿದರು.

ಜಾಗ ಹುಡುಕುವುದು, ಮಾಲೀಕರನ್ನು ಒಪ್ಪಿಸುವುದು, ಕಚೇರಿಗಳಿಗೆ ಅಲೆಯುವುದು ನಿಜವಾದ ಶ್ರಮ. ಅದಕ್ಕೆ ಕೂಲಿ ಪಡೆಯುವುದು ನ್ಯಾಯ. ಆದರೆ ಕೂಲಿ ಮೊದಲೇ ಗೊತ್ತಾಗಿರಬೇಕು. "ಅದೆಲ್ಲ ಆಮೇಲೆ ನೋಡೋಣ, ನಿಮ್ಮ ಮನಸ್ಸಿಗೆ ಬಂದಷ್ಟು ಕೊಡಿ" ಎಂಬ ಮಾತು ಕೇಳಲು ಹಿತ. ನೋಂದಣಿಯ ದಿನ ಅದೇ ಮಾತು ಜಗಳವಾಗುತ್ತದೆ. ಖಾಸಗಿ ಮನೆ, ಜಾಗದ ವ್ಯವಹಾರದಲ್ಲಿ ಶೇ. 1 ಅಥವಾ 2ರಷ್ಟು ಕಮಿಷನ್ ಎಂಬುದು ವಾಡಿಕೆ ಮಾತ್ರ. ಆದ್ದರಿಂದ ಮೊತ್ತ ಎಷ್ಟು, ಯಾವಾಗ ಕೊಡಬೇಕು, ವ್ಯವಹಾರ ಮುರಿದುಬಿದ್ದರೆ ಏನು ಎಂಬ ಮೂರನ್ನೂ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಒಳ್ಳೆಯದು. ಪೂರ್ತಿ ಕಮಿಷನ್ ನೋಂದಣಿಯಾದ ಮೇಲೆ ಎಂದಿದ್ದರೆ ಇಬ್ಬರಿಗೂ ಕ್ಷೇಮ.

ಅವರು ಯಾರ ಪರ?

ದಲ್ಲಾಳಿಯನ್ನು ಆರಿಸುವಾಗ ಕೇಳಲೇಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆಯಿದು. ಮಾರುವವರ ಪರ ಇರುವವರಿಗೆ ಬೆಲೆ ಏರಿದಷ್ಟೂ ಲಾಭ. ಕೊಳ್ಳುವವರ ಪರ ಇರುವವರು ಬೆಲೆ ಇಳಿಸಬೇಕು. ಇಬ್ಬರಿಂದಲೂ ಕಮಿಷನ್ ಪಡೆಯುವುದು ನಮ್ಮ ಕಡೆಯ ರೂಢಿ. ಇಬ್ಬರಿಗೂ ಗೊತ್ತಿದ್ದು ಒಪ್ಪಿದ್ದರೆ ಅದರಲ್ಲಿ ಮರೆಮಾಚುವಂಥದ್ದೇನಿಲ್ಲ. ಗುಟ್ಟಾಗಿದ್ದರೆ ಮಾತ್ರ ಅದು ಅಮಾನತಿನಲ್ಲಿ ಬಿರುಕು.

ಒಂದು ಲೆಕ್ಕ ನೋಡೋಣ. ಮಾಲೀಕರು ಹಳೆಯ ಮನೆಗೆ 18 ಲಕ್ಷ ಕೈಗೆ ಬಂದರೆ ಸಾಕು ಎನ್ನುತ್ತಾರೆ. ದಲ್ಲಾಳಿ ನಮ್ಮ ಬಳಿ, 21ಕ್ಕಿಂತ ಒಂದು ಪೈಸೆ ಕಡಿಮೆಗೆ ಅವರು ಒಪ್ಪುವುದಿಲ್ಲ ಎನ್ನುತ್ತಾರೆ. ನಡುವಿನ 3 ಲಕ್ಷ ಅವರ ಜೇಬಿಗೆ, ಅದರ ಮೇಲೆ ನಮ್ಮಿಂದ ಕಮಿಷನ್ ಬೇರೆ. ಇಷ್ಟು ಬೆಲೆಗಿಂತ ಮೇಲೆ ಬಂದದ್ದು ನಿನಗೆ ಎಂದು ಮಾಲೀಕನೇ ದಲ್ಲಾಳಿಗೆ ಹೇಳಿ ಮಾರಿಸುವುದನ್ನು ಇಬ್ನು ಅಬ್ಬಾಸ್(ರ)ರಂಥವರು ಅನುಮತಿಸಿದ್ದಾರೆ ನಿಜ. ಆದರೆ ಅದು ಮಾಲೀಕರ ಸಮ್ಮತಿಯಿಂದ, ಮಾಲೀಕರ ಪರವಾಗಿ ಮಾಡುವ ಮಾರಾಟ. ನಾನು ನಿಮ್ಮ ಪರ ಎಂದು ನಮ್ಮಿಂದ ಕೂಲಿ ಒಪ್ಪಿಕೊಂಡು, ಮಾಲೀಕರು ಹೇಳದ ಬೆಲೆಯನ್ನು ಅವರ ಬಾಯಿಗೆ ತುರುಕುವುದು ಸುಳ್ಳು ಮತ್ತು ವಂಚನೆ.

ಕೊಳ್ಳುವವರ ಪ್ರತಿನಿಧಿ ಹೇಗಿರಬೇಕೆಂಬುದಕ್ಕೆ ಉರ್ವಾ ಅಲ್‌ಬಾರಿಕೀ(ರ)ರ ಮಾದರಿ ನಮ್ಮ ಮುಂದಿದೆ. ಒಂದು ಕುರಿ ತರಲು ಪ್ರವಾದಿ(ಸ)ರು ಅವರಿಗೆ ಒಂದು ದೀನಾರ್ ಕೊಟ್ಟರು. ಅವರು ಅದರಲ್ಲಿ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರ್‌ಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದು ಮುಂದಿಟ್ಟರು. ಪ್ರವಾದಿ(ಸ)ರು ಅವರ ವ್ಯಾಪಾರದಲ್ಲಿ ಬರಕತ್ ಆಗಲೆಂದು ಪ್ರಾರ್ಥಿಸಿದರು (ಬುಖಾರಿ). ಚೌಕಾಶಿಯಲ್ಲಿ ಉಳಿದ ಲಾಭ ಕಳಿಸಿದವರದ್ದು ಎಂಬ ತಿಳಿವಳಿಕೆ ಆ ಸಹಾಬಿಗೆ ಇತ್ತು.

ಆದ್ದರಿಂದ ಬೆಲೆ ನಿಶ್ಚಯವಾಗುವ ಮೊದಲು ಮಾಲೀಕರೊಂದಿಗೆ ಒಮ್ಮೆ ಎದುರಾಬದುರಾ ಕುಳಿತು ಮಾತಾಡಲೇಬೇಕು. ಮಾಲೀಕರನ್ನು ಭೇಟಿ ಮಾಡಿಸಲು ದಲ್ಲಾಳಿ ನೆಪ ಹೇಳುತ್ತಾ ಹೋದರೆ ಆ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಲೇಸು. "ನಾಳೆ ಬೆಳಗ್ಗೆ ಇನ್ನೊಬ್ಬರು ಅಡ್ವಾನ್ಸ್ ಕೊಡಲು ಕಾಯುತ್ತಿದ್ದಾರೆ" ಎಂಬ ಅವಸರಕ್ಕೂ ಮಣಿಯಬಾರದು. ಕೊಳ್ಳುವ ಇರಾದೆಯಿಲ್ಲದವರನ್ನು ನಿಲ್ಲಿಸಿ ಬೆಲೆ ಏರಿಸುವುದಕ್ಕೆ ಹದೀಸಿನಲ್ಲಿ 'ನಜಶ್' ಎಂದು ಹೆಸರಿದೆ, ಪ್ರವಾದಿ(ಸ)ರು ಅದನ್ನು ನಿಷೇಧಿಸಿದ್ದಾರೆ (ಬುಖಾರಿ, ಮುಸ್ಲಿಮ್).

ನಮ್ಮ ಭಾಗದ ಜಾಗದ ಅರಿವು

ಇನ್ನು ಸಾಮರ್ಥ್ಯದ ಮಾತು. ಬೆಂಗಳೂರಿನಲ್ಲಿ ಫ್ಲ್ಯಾಟು ಮಾರಿ ಪಳಗಿದವರಿಗೆ ನಮ್ಮ ಮಲೆನಾಡಿನ ಸೆರಗಿನ ಜಾಗಗಳ ತೊಡಕು ಗೊತ್ತಿರುವುದಿಲ್ಲ. ಇಲ್ಲಿ ದಲ್ಲಾಳಿಯ ಜ್ಞಾನವನ್ನು ಪರೀಕ್ಷಿಸಲು ಕೇಳಬೇಕಾದ ಮೊದಲ ಪ್ರಶ್ನೆ: ಈ ಜಾಗದ ಮೂಲ ಯಾವುದು?

ಊರೊಳಗಿನ ಗ್ರಾಮಠಾಣಾ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು 11ಎ ಇರಬೇಕು. 11ಬಿ ಬೇರೆಯೇ ವರ್ಗ, ಎರಡನ್ನೂ ಒಂದೇ ಎನ್ನುವ ದಲ್ಲಾಳಿಯ ಮಾತನ್ನು ಅಲ್ಲಿಗೇ ನಿಲ್ಲಿಸಿ ಪಿಡಿಒ ಅವರನ್ನು ಕೇಳಬೇಕು. ಪಟ್ಟಣದೊಳಗಾದರೆ ಇ-ಖಾತಾ ಕೇಳಿ, ಅದು ಎ ಖಾತೆಯೋ ಬಿ ಖಾತೆಯೋ ನೋಡಬೇಕು.

ಹೊಲದ ಜಾಗವಾದರೆ ಪಹಣಿ ಮತ್ತು ಮ್ಯುಟೇಶನ್ ನೋಡಬೇಕು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿದ್ದರೆ ಸಾಲದು, 11ನೇ ಕಾಲಂನಲ್ಲಿ ಸಾಲ, ತಕರಾರು ಇದೆಯೇ ಎಂದೂ ಓದಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. 2020ರ ತಿದ್ದುಪಡಿಯ ನಂತರ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದು ಎಂದು ದಲ್ಲಾಳಿಗಳು ಹೇಳುತ್ತಾರೆ. ಅದು ಸರಿ. ಆದರೆ ಕೊಳ್ಳುವುದು ಬೇರೆ, ಮನೆ ಕಟ್ಟುವುದು ಬೇರೆ. ವಾಸದ ಮನೆಗೆ ಸಾಮಾನ್ಯವಾಗಿ ಭೂಪರಿವರ್ತನೆ ಆದೇಶ ಬೇಕಾಗುತ್ತದೆ. ಪರಿವರ್ತನೆಯಾಗದ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಸೈಟೆಂದು ಮಾರಿದ ಜಾಗಕ್ಕೆ ಮುಂದೆ ಖಾತೆಯೂ ಕಷ್ಟ, ಸಾಲವೂ ಕಷ್ಟ, ಪರವಾನಗಿಯೂ ಕಷ್ಟ.

ಮಂಜೂರಾದ ಜಾಗವಾದರೆ ಇನ್ನೂ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ. ಭೂಮಿ ಮೂಲ ಮಂಜೂರುದಾರರಿಗೆ ಮರಳುತ್ತದೆ. ಎಷ್ಟು ವರ್ಷ ಕಳೆದರೂ ಅವರು ಅರ್ಜಿ ಹಾಕಬಹುದೆಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿದೆ. ಅದು ಬಡವರ ಹಕ್ಕನ್ನು ಕಾಯುವ ಕಾನೂನು, ಅದನ್ನು ತಪ್ಪಿಸುವ ಉಪಾಯ ಹೇಳಿಕೊಡುವ ದಲ್ಲಾಳಿ ನಮ್ಮನ್ನು ಪಾಪಕ್ಕೂ ನಷ್ಟಕ್ಕೂ ಒಟ್ಟಿಗೇ ಕರೆದೊಯ್ಯುತ್ತಾರೆ. ಬಗರ್ ಹುಕುಂ ಮಂಜೂರಾತಿ, ಆಶ್ರಯ ನಿವೇಶನ, 94ಸಿ ಹಕ್ಕುಪತ್ರದ ಮನೆಗಳಿಗೂ ಮಾರಾಟದ ಷರತ್ತುಗಳಿರುತ್ತವೆ. ಮಂಜೂರಾತಿ ಆದೇಶದ ಪ್ರತಿಯನ್ನೇ ತರಿಸಿ ಓದಬೇಕು.

ಕಾಡಂಚಿನ ಜಾಗ ನಮ್ಮ ಜಿಲ್ಲೆಯ ಹಳೆಯ ನೋವು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ ಮಠ ಕಳೆದುಕೊಂಡ ಶರಾವತಿ ಮುಳುಗಡೆ ಸಂತ್ರಸ್ತರಿಗೆ ಜಿಲ್ಲೆಯ ಹಲವೆಡೆ ಅರಣ್ಯ ಭೂಮಿಯಲ್ಲಿ ನೆಲೆ ಕೊಡಲಾಯಿತು. ಅಂಥ ಜಾಗಗಳ ಹಕ್ಕಿನ ಪ್ರಶ್ನೆ ಎರಡು ಮೂರು ತಲೆಮಾರು ಕಳೆದರೂ ಪೂರ್ತಿ ಬಗೆಹರಿದಿಲ್ಲ. ಅಲ್ಲಿ ಬದುಕುತ್ತಿರುವವರು ನಿರಪರಾಧಿಗಳು. ಆದರೂ ಹಕ್ಕು ಸ್ಪಷ್ಟವಾಗದ ಜಾಗವನ್ನು ಕೊಳ್ಳುವುದು ನಮ್ಮ ಮಕ್ಕಳ ಪಾಲಿಗೆ ಅದೇ ನೋವನ್ನು ಕೊಂಡಂತೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಭೂಮಿ ವಾರಸುದಾರರಿಗೆ ಹೋಗುತ್ತದೆಯೇ ಹೊರತು ಮಾರುವಂತಿಲ್ಲ. ಸೊರಬದ ಕಡೆಯ ಸೊಪ್ಪಿನಬೆಟ್ಟಗಳನ್ನೂ ಮನೆಯ ನಿವೇಶನವೆಂದು ಯಾರಾದರೂ ತೋರಿಸಿದರೆ ನಂಬಬಾರದು.

ಅಂಬ್ಲಿಗೊಳ ಜಲಾಶಯದ ಅಂಚು, ಕಾಲುವೆಯ ಬದಿ, ಕೆರೆಯಂಗಳದ ಪಕ್ಕದ ಜಾಗಗಳಲ್ಲಿ ಸ್ವಾಧೀನವಾದ ಭೂಮಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಭೂಮಾಪಕರಿಂದ ಅಳತೆ ಮಾಡಿಸಿಯೇ ತಿಳಿಯಬೇಕು. ಬೇಲಿಯನ್ನು ನೋಡಿ ನಿರ್ಧರಿಸುವಂತಿಲ್ಲ. ಶಿವಮೊಗ್ಗ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಮತ್ತು ಶಿವಮೊಗ್ಗ, ಶಿಕಾರಿಪುರ, ರಾಣೆಬೆನ್ನೂರು ರೈಲು ಮಾರ್ಗದ ಕೆಲಸದ ಸುದ್ದಿಯಿಂದ ಜಾಗದ ಮಾತು ಜೋರಾಗಿದೆ. ರೈಲಿನ ಹೆಸರಿನಲ್ಲಿ ಬೆಲೆ ಏರಿಸುವ ದಲ್ಲಾಳಿಯನ್ನು ಒಂದು ಮಾತು ಕೇಳಿ: ಇದೇ ಸರ್ವೆ ನಂಬರು ಸ್ವಾಧೀನದ ಪಟ್ಟಿಯಲ್ಲಿ ಇಲ್ಲವೆಂದು ನೋಡಿದ್ದೀರಾ?

ಸಹೋದರಿಯ ಪಾಲು, ಯತೀಮರ ಪಾಲು

ನಮ್ಮ ಕುಟುಂಬಗಳಲ್ಲೇ ಮನೆ ಕೈಬದಲಾಗುವಾಗ ಹೆಚ್ಚಾಗಿ ಎಡವುವುದು ಇಲ್ಲಿ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ ಪೌತಿ ಖಾತೆಯಾಗಿರುತ್ತದೆ. ಅವನು ಮಾರುತ್ತಾನೆ, ದಲ್ಲಾಳಿ "ಖಾತೆ ಇವರ ಹೆಸರಲ್ಲೇ ಇದೆ, ತಂಗಿಯರದ್ದೇನೂ ತಕರಾರಿಲ್ಲ" ಎನ್ನುತ್ತಾರೆ. ಆದರೆ ಖಾತೆ ಎಂಬುದು ಕಂದಾಯ ಕಟ್ಟುವವರ ದಾಖಲೆ, ಅದು ಯಾರ ಹಕ್ಕನ್ನೂ ಅಳಿಸುವುದಿಲ್ಲ. ವಾರಸುದಾರರ ಹಕ್ಕು ಅನ್ನಿಸಾ ಅಧ್ಯಾಯದಲ್ಲಿ (4:11-12) ನಿಗದಿಯಾಗಿದೆ, ನಮ್ಮ ದೇಶದ ನ್ಯಾಯಾಲಯಗಳೂ ಅದನ್ನು ಮನ್ನಿಸುತ್ತವೆ.

ಸಾಲ, ವಸಿಯ್ಯತ್ ತೀರಿದ ಮೇಲೆ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮಾತ್ರ ಉಳಿದಿದ್ದಾರೆ ಎಂದುಕೊಳ್ಳೋಣ. ಮನೆಯನ್ನು 32 ಭಾಗ ಮಾಡಿದರೆ ಹೆಂಡತಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7. ಮಗನೊಬ್ಬನೇ ಸಹಿ ಹಾಕಿದರೆ ಅವನಿಗೆ ಮಾರಲು ಹಕ್ಕಿರುವುದು ಅರ್ಧಕ್ಕಿಂತಲೂ ಕಡಿಮೆ. ಉಳಿದ 18 ಭಾಗಕ್ಕೆ ನಾವು ಹಣ ಕೊಟ್ಟಿದ್ದೇವೆ, ಹಕ್ಕು ಪಡೆದಿಲ್ಲ. ತಂದೆ ಬದುಕಿದ್ದಾಗಲೇ, ಮದುವೆಯ ಹೊತ್ತಿನಲ್ಲಿ "ನನಗೆ ಪಾಲು ಬೇಡ" ಎಂದು ಹೆಣ್ಣುಮಕ್ಕಳಿಂದ ಬರೆಸಿಕೊಂಡ ಚೀಟಿಯನ್ನು ನಂಬಿ ಕೂರುವಂತಿಲ್ಲ. ಇನ್ನೂ ಬಾರದ ಪಾಲನ್ನು ಬಿಟ್ಟುಕೊಡುವುದಕ್ಕೆ ಸಾಮಾನ್ಯವಾಗಿ ಬಲವಿಲ್ಲ.

ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ವಿಷಯ ಇನ್ನೂ ಗಂಭೀರ. ಮುಸ್ಲಿಮ್ ವೈಯಕ್ತಿಕ ಕಾನೂನಿನಲ್ಲಿ ಯತೀಮ ಮಕ್ಕಳ ಸ್ಥಿರಾಸ್ತಿಯನ್ನು ತಾಯಿಯಾಗಲಿ, ಅಣ್ಣನಾಗಲಿ, ಚಿಕ್ಕಪ್ಪನಾಗಲಿ ತಾವಾಗಿಯೇ ಮಾರಲಾರರು, ನ್ಯಾಯಾಲಯದ ಅನುಮತಿ ಬೇಕು. ಅದಿಲ್ಲದ ಮಾರಾಟ ಆ ಮಕ್ಕಳನ್ನು ಕಟ್ಟಿಹಾಕುವುದಿಲ್ಲ. ಮಗು ಬೆಳೆದು ದೊಡ್ಡದಾಗಿ ತನ್ನ ಪಾಲು ಕೇಳಿದ ದಿನ ನಾವು ಬಾಗಿಲಲ್ಲಿ ನಿಂತು ಏನು ಉತ್ತರ ಹೇಳುವುದು? ಒಂದು ಗೇಣು ನೆಲವನ್ನು ಅನ್ಯಾಯವಾಗಿ ತೆಗೆದುಕೊಂಡವರಿಗೆ ಏಳು ಭೂಮಿಗಳ ಭಾರ ಕೊರಳಿಗೆ ಬೀಳುವುದೆಂಬ ಪ್ರವಾದಿ(ಸ)ರ ಎಚ್ಚರಿಕೆ (ಬುಖಾರಿ, ಮುಸ್ಲಿಮ್) ಎಲ್ಲರಿಗೂ ಗೊತ್ತು. ಕ್ರಯಪತ್ರಕ್ಕೆ ಸಹಿ ಹಾಕುವ ದಿನ ಅದು ನೆನಪಿರಬೇಕು.

ಬಾಯಿಮಾತಿನ ಹಿಬಾದಿಂದ ಬಂದ ಮನೆಯಾದರೆ, ಕೊಟ್ಟದ್ದು, ಒಪ್ಪಿಕೊಂಡದ್ದು, ಸ್ವಾಧೀನ ಬಿಟ್ಟುಕೊಟ್ಟದ್ದು ಮೂರಕ್ಕೂ ಪುರಾವೆ ಕೇಳಬೇಕು. ಬಾಯಿಮಾತಿನ ಹಿಬಾ ನಮ್ಮಲ್ಲಿ ಊರ್ಜಿತವಾಗಬಹುದು, ಆದರೆ ಇತರ ವಾರಸುದಾರರು ಅದನ್ನು ಒಪ್ಪುತ್ತಾರೆಯೇ ಎಂಬುದೇ ಪ್ರಶ್ನೆ. ಮಸೀದಿ, ದರ್ಗಾ, ಖಬರಸ್ತಾನದ ಪಕ್ಕದ ಜಾಗವಾದರೆ ಅದು ವಕ್ಫ್ ಹೌದೋ ಅಲ್ಲವೋ ಎಂದು ಜಿಲ್ಲಾ ವಕ್ಫ್ ಕಚೇರಿಯಲ್ಲಿ ವಿಚಾರಿಸಬೇಕು. ವಕ್ಫ್ ಆಸ್ತಿಯ ಮಾರಾಟವನ್ನು ಕಾನೂನು ನಿಷೇಧಿಸಿದೆ. ಮುತವಲ್ಲಿಯ ಸಹಿ ಇದ್ದರೂ ಅದು ನಮ್ಮದಾಗುವುದಿಲ್ಲ.

ಒಳ್ಳೆಯ ದಲ್ಲಾಳಿ ಜಾಗ ತೋರಿಸುವ ಮೊದಲೇ ವಂಶವೃಕ್ಷ ಕೇಳಿರುತ್ತಾರೆ. ಮಾಲೀಕರ ಸಹೋದರಿಯರ ಮನೆಗೆ ಹೋಗಿ, ಅವರ ಪಾಲಿನ ಹಣ ಅವರ ಕೈಗೇ ಸೇರುವಂತೆ ನೋಡಿ ಸಹಿ ತರುತ್ತಾರೆ. ಅಂಥವರು ಸಿಕ್ಕರೆ ಕಮಿಷನ್ ಅರ್ಧ ಪರ್ಸೆಂಟ್ ಹೆಚ್ಚಾದರೂ ಕೊಡಬಹುದು.

ಲೇಔಟ್ ಆದರೆ ರೇರಾ

ಶಿವಮೊಗ್ಗ, ದಾವಣಗೆರೆ, ಬೆಂಗಳೂರಿನಲ್ಲಿ ಲೇಔಟಿನ ಸೈಟು ಅಥವಾ ಫ್ಲ್ಯಾಟ್ ಕೊಳ್ಳುವವರಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಒಂದು ಆಸರೆ. 500 ಚದರ ಮೀಟರಿಗಿಂತ ಹೆಚ್ಚು ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ಸಾಮಾನ್ಯವಾಗಿ ನೋಂದಣಿಯಾಗಿರಬೇಕು. ಅಂಥ ಯೋಜನೆಯಲ್ಲಿ ಮಾರಾಟ ಮಾಡಿಸುವ ಏಜೆಂಟರೂ ನೋಂದಣಿಯಾಗಿರಬೇಕು. ನೋಂದಣಿಯಿಲ್ಲದೆ ವ್ಯವಹಾರ ಮಾಡಿಸಿದ ಏಜೆಂಟರಿಗೆ ದಿನಕ್ಕೆ 10,000 ರೂಪಾಯಿಯಂತೆ, ಆ ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡವಿದೆ. ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ಮಾಹಿತಿ, ದಾಖಲೆ ಒದಗಿಸುವುದು ಅವರ ಕರ್ತವ್ಯ. ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಏಜೆಂಟರ ಮತ್ತು ಯೋಜನೆಯ ನೋಂದಣಿ ಸಂಖ್ಯೆಗಳನ್ನು ಕೇಳಿ, ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ನೀವೇ ನೋಡಿ. ಮನೆಯಲ್ಲಿ ಕಾಲೇಜು ಓದುವ ಮಗಳಿದ್ದರೆ ಐದು ನಿಮಿಷದಲ್ಲಿ ನೋಡಿಕೊಡುತ್ತಾಳೆ. ಊರಿನ ಹಳೆಯ ಮನೆಯನ್ನು ಒಬ್ಬರಿಂದ ಒಬ್ಬರಿಗೆ ಕೊಡಿಸುವ ಸಾಮಾನ್ಯ ದಲ್ಲಾಳಿಗೆ ಈ ನೋಂದಣಿ ಅನ್ವಯಿಸುವುದಿಲ್ಲ. ಆದ್ದರಿಂದ ರೇರಾ ನಂಬರ್ ಇಲ್ಲವೆಂದು ಅವರನ್ನು ಶಂಕಿಸಬೇಕಿಲ್ಲ. ಹಾಗೆಯೇ ನಂಬರ್ ಇದೆಯೆಂದು ಕಣ್ಣುಮುಚ್ಚಿ ಸಹಿ ಹಾಕಲೂ ಬಾರದು.

ಹಣ ಕೊಡುವ ಮುನ್ನ

ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಯಬಹುದು. 2004ಕ್ಕಿಂತ ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಯಲ್ಲೇ ಹುಡುಕಿಸಬೇಕು. ದಲ್ಲಾಳಿ ತಂದುಕೊಟ್ಟ ಇಸಿಯ ಜೊತೆಗೆ ನಾವೇ ಒಂದನ್ನು ತೆಗೆಸುವುದು ಉತ್ತಮ. ಇಸಿ ಎಲ್ಲವನ್ನೂ ತೋರಿಸುವುದಿಲ್ಲ ಎಂಬುದೂ ಗೊತ್ತಿರಲಿ. ಬಾಯಿಮಾತಿನ ಹಿಬಾ, ನೋಂದಣಿಯಾಗದ ಕರಾರು, ನ್ಯಾಯಾಲಯದ ದಾವೆ ಅದರಲ್ಲಿ ಕಾಣದಿರಬಹುದು. ಅದಕ್ಕಾಗಿಯೇ ದಲ್ಲಾಳಿಯ ಸಂಬಂಧವಿಲ್ಲದ ಒಬ್ಬ ವಕೀಲರಿಗೆ ಮೂಲಪತ್ರಗಳನ್ನು ತೋರಿಸಬೇಕು. "ನಮ್ಮ ವಕೀಲರೇ ನೋಡಿದ್ದಾರೆ" ಎಂಬ ದಲ್ಲಾಳಿಯ ಮಾತು ಇದಕ್ಕೆ ಬದಲಿಯಲ್ಲ.

ಮುಂಗಡವನ್ನು ದಲ್ಲಾಳಿಯ ಕೈಗೆ ಕೊಡಬೇಡಿ. ಮಾಲೀಕರ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿ, ಕರಾರು ಪತ್ರದಲ್ಲಿ ನಮೂದಿಸಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ನಿಷೇಧವಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 2025ರ ಆಗಸ್ಟ್ 31ರಿಂದ ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದ ಮೇಲೆ, ಪತ್ರದಲ್ಲಿ ಕಡಿಮೆ ಬೆಲೆ ತೋರಿಸೋಣ ಎಂಬ ಸಲಹೆ ಇನ್ನೂ ಆಕರ್ಷಕವಾಗಿ ಕಾಣಬಹುದು. ಅದು ಸುಳ್ಳು ಬರಹ. ನಾಳೆ ಕ್ರಯ ಮುರಿದರೆ ಪತ್ರದಲ್ಲಿ ಬರೆದಷ್ಟೇ ಹಣ ನಮ್ಮದು.

ಜಿಪಿಎ ಮೇಲೆ ಜಾಗ ಕೊಳ್ಳಿ, ನೋಂದಣಿ ಆಮೇಲೆ ನೋಡೋಣ ಎನ್ನುವವರಿಂದ ದೂರವಿರಬೇಕು. ಜಿಪಿಎ, ಬರೀ ಕರಾರು, ವಿಲ್ ಇವುಗಳಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರವೊಂದೇ ದಾರಿ.

ಮೊದಲ ಭೇಟಿಯಲ್ಲಿ ಕೇಳಬೇಕಾದವು

ಇಷ್ಟನ್ನೂ ನೆನಪಿಡುವುದು ಕಷ್ಟವೆನಿಸಿದರೆ, ದಲ್ಲಾಳಿಯ ಮುಂದೆ ಕುಳಿತಾಗ ಈ ಆರು ಪ್ರಶ್ನೆ ಕೇಳಿದರೆ ಸಾಕು.

1. ನೀವು ಯಾರ ಪರ? ಆ ಕಡೆಯಿಂದಲೂ ಕಮಿಷನ್ ಪಡೆಯುತ್ತೀರಾ?
2. ನಿಮ್ಮ ಕೂಲಿ ಎಷ್ಟು, ಯಾವಾಗ? ಬರೆದು ಕೊಡುತ್ತೀರಾ?
3. ಜಾಗದ ಮೂಲ ಯಾವುದು: ಪಿತ್ರಾರ್ಜಿತವೇ, ಕ್ರಯವೇ, ಮಂಜೂರಾತಿಯೇ, ಹಿಬಾವೇ?
4. ವಂಶವೃಕ್ಷದಲ್ಲಿರುವ ಎಲ್ಲರೂ, ಹೆಣ್ಣುಮಕ್ಕಳೂ ಸೇರಿ, ಸಹಿಗೆ ಬರುತ್ತಾರೆಯೇ?
5. ಮಾಲೀಕರನ್ನು ಯಾವತ್ತು ಭೇಟಿ ಮಾಡಿಸುತ್ತೀರಿ?
6. ಕಳೆದ ಎರಡು ಮೂರು ವರ್ಷಗಳಲ್ಲಿ ನಿಮ್ಮಿಂದ ಮನೆ ಕೊಂಡ ಮೂವರ ವಿಳಾಸ ಕೊಡುತ್ತೀರಾ?

ಆರನೆಯ ಪ್ರಶ್ನೆ ಉಮರ್(ರ)ರ ಪ್ರಶ್ನೆಯೇ. ಆ ಮೂವರ ಮನೆಗೆ ಹೋಗಿ ಬನ್ನಿ. ಗಂಡಸರು ಅಂಗಳದಲ್ಲಿ ಮಾತಾಡಿ ಬಂದರೆ ಸಾಲದು, ಹೆಂಗಸರೂ ಒಳಗೆ ಕುಳಿತು ಕೇಳಲಿ. ಖಾತೆಯಾಯಿತೇ, ಯಾರಾದರೂ ಪಾಲು ಕೇಳಿಕೊಂಡು ಬಂದರೇ, ಹೇಳಿದ್ದಕ್ಕಿಂತ ಹೆಚ್ಚು ಹಣ ಹೋಯಿತೇ ಎಂಬುದು ಅಡುಗೆಮನೆಯಲ್ಲಿ ಗೊತ್ತಾಗುತ್ತದೆ.

ನಮ್ಮ ಮೇಲೂ ಹೊಣೆಯಿದೆ

ಅಮಾನತ್ ದಲ್ಲಾಳಿಗೆ ಮಾತ್ರ ಸೇರಿದ್ದಲ್ಲ. ದಲ್ಲಾಳಿ ಜಾಗ ತೋರಿಸಿದ ಮೇಲೆ ಅವರಿಗೆ ಗೊತ್ತಾಗದಂತೆ ಮಾಲೀಕರ ಮನೆಗೆ ಹೋಗಿ, ಕಮಿಷನ್ ಉಳಿಸಿಕೊಳ್ಳಲು ವ್ಯವಹಾರ ಮುಗಿಸುವವರು ನಮ್ಮಲ್ಲಿದ್ದಾರೆ. ಅದು ದುಡಿದವರ ಕೂಲಿಯನ್ನು ಕದ್ದಂತೆ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆ (ಇಬ್ನುಮಾಜಃ) ದಲ್ಲಾಳಿಗೂ ಅನ್ವಯಿಸುತ್ತದೆ. ಅವರು ಪ್ರಾಮಾಣಿಕರಾಗಿ "ಈ ಜಾಗ ಬೇಡ, ಕಾಗದ ಸರಿಯಿಲ್ಲ" ಎಂದು ನಮ್ಮನ್ನು ಉಳಿಸಿದರೆ, ಓಡಾಟದ ಖರ್ಚನ್ನಾದರೂ ಕೇಳದೆ ಕೊಡುವುದು ಶೋಭೆ. ಹೀಗೆ ಮಾಡಿದರೆ ಪ್ರಾಮಾಣಿಕ ದಲ್ಲಾಳಿಗಳು ಈ ವೃತ್ತಿಯಲ್ಲಿ ಉಳಿಯುತ್ತಾರೆ. ಇಲ್ಲವಾದರೆ ಉಳಿಯುವುದು ಎಂಥವರೆಂದು ಹೇಳಬೇಕಿಲ್ಲ.

ಈ ವೃತ್ತಿಯಲ್ಲಿರುವ ನಮ್ಮ ಸಹೋದರರಿಗೂ ಒಂದು ಮಾತು. ಕೊಳ್ಳುವವರೂ ಮಾರುವವರೂ ಸತ್ಯ ನುಡಿದು ಕೊರತೆಯನ್ನು ತೆರೆದು ತೋರಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿಯುತ್ತದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಇಬ್ಬರ ನಡುವೆ ಮಾತು ಸಾಗಿಸುವವರು ನೀವು. ಅವರ ಬರಕತ್ತು ಉಳಿಯುವುದೂ ಅಳಿಯುವುದೂ ನೀವು ಸಾಗಿಸುವ ಮಾತಿನಲ್ಲಿದೆ.

ನಮ್ಮ ದುಡಿಮೆಯಿಂದ ಕೊಳ್ಳುವ ಮನೆಯಲ್ಲಿ ಯಾವ ಸಹೋದರಿಯ, ಯಾವ ಯತೀಮನ, ಯಾವ ಬಡವನ ಪಾಲೂ ಸಿಕ್ಕಿಕೊಳ್ಳದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆ ಮನೆಯನ್ನು ನಮಗೂ ನಮ್ಮ ಮಕ್ಕಳಿಗೂ ನೆಮ್ಮದಿಯ ತಾಣವಾಗಿಸಲಿ. ಆಮೀನ್.